ಒಂದು ಪರೀಕ್ಷೆಯಲ್ಲಿ 4, ಇನ್ನೊಂದರಲ್ಲಿ 13: ಅಮ್ಮನಿಗೆ ಖಿನ್ನತೆ ಇದೆಯೋ ಇಲ್ಲವೋ?

ಪ್ರಶ್ನೆ: ನನ್ನ ಅಮ್ಮನಿಗೆ 74 ವರ್ಷ. ಅಪ್ಪ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಅಮ್ಮನಿಗೆ ಮಂಡಿ ಸವೆತ ಇದೆ, ದಿನಾ ನೋವಿನ ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತೆ. ಊಟ ಕಮ್ಮಿಯಾಗಿದೆ. ಮೊದಲು ದಿನಾ ಪದಬಂಧ ಬಿಡಿಸುತ್ತಿದ್ದರು, ಚಿಕ್ಕಮ್ಮನಿಗೆ ಫೋನ್ ಮಾಡುತ್ತಿದ್ದರು. ಈಗ ಎರಡೂ ಇಲ್ಲ. ನಮ್ಮ ಮಾಮೂಲಿ ಡಾಕ್ಟರು ನನ್ನ ಮತ್ತು ಅಣ್ಣನ ಎದುರಿಗೇ ಅಮ್ಮನಿಗೆ ಹೌದು ಅಥವಾ ಇಲ್ಲ ಅನ್ನುವ 15 ಪ್ರಶ್ನೆ ಕೇಳಿದರು. 4 ಅಂಕ ಬಂತು. “ಡಿಪ್ರೆಶನ್ ಇಲ್ಲ, ವಯಸ್ಸಾದ ಮೇಲೆ ಇದೆಲ್ಲ ಸಹಜ” ಅಂದರು. ಮೂರು ವಾರದ ನಂತರ ನಿದ್ದೆ ವಿಷಯಕ್ಕೆ ಇನ್ನೊಂದು ಕ್ಲಿನಿಕ್‌ಗೆ ಹೋದೆವು. ಅಲ್ಲಿ ಅಮ್ಮನನ್ನು ಒಬ್ಬರನ್ನೇ ಕೂರಿಸಿ 9 ಪ್ರಶ್ನೆಗಳ ಹಾಳೆ ತುಂಬಿಸಿದರು. 13 ಬಂತು. “ಮಧ್ಯಮ ಮಟ್ಟದ ಖಿನ್ನತೆ, ಮಾತ್ರೆ ಶುರು ಮಾಡೋಣ” ಅಂದರು. ಎರಡೂ ಹಾಳೆಗಳ ಫೋಟೋ ಕಳಿಸಿದ್ದೇನೆ. ಯಾವುದು ಸರಿ? ಎಲ್ಲಕ್ಕಿಂತ ನಿಖರವಾದ ಪರೀಕ್ಷೆ ಯಾವುದು? ಅದನ್ನು ಮನೆಯಲ್ಲಿ ನಾನೇ ಮಾಡಬಹುದಾ? ಇನ್ನೊಂದು ಮಾತು: ಅಮ್ಮ ಆಗಾಗ “ಸಾಕಾಯ್ತು, ಬೇಗ ಹೋಗಿಬಿಟ್ಟರೆ ಒಳ್ಳೇದು” ಅನ್ನುತ್ತಾರೆ. ಅದರ ಬಗ್ಗೆ ಕೆದಕಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದ ಹಾಗೆ ಆಗುತ್ತೇನೋ ಅಂತ ಭಯ.

ಉತ್ತರ: ನೀವು ಕೊನೆಗೆ ಬರೆದಿರುವ ಮಾತಿನಿಂದಲೇ ಶುರು ಮಾಡುತ್ತೇನೆ. 4 ಮತ್ತು 13ರ ಗೊಂದಲಕ್ಕಿಂತ ಅದು ಮುಖ್ಯ.

ಸಾವಿನ ಬಗ್ಗೆ ಕೇಳಿದರೆ ಸಾಯುವ ಯೋಚನೆ ಹುಟ್ಟುತ್ತೆ ಅನ್ನುವುದು ತುಂಬಾ ಜನರಲ್ಲಿರುವ ಭಯ. ಅದು ನಿಜವಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಅಂತ ಸಂಶೋಧನೆಗಳೂ ಹೇಳುತ್ತವೆ, ನನ್ನ ಅನುಭವವೂ ಅದೇ. ಹೆಚ್ಚಿನ ಹಿರಿಯರಿಗೆ ಯಾರಾದರೂ ಕೇಳಿದರಲ್ಲ ಅಂತ ಎದೆ ಹಗುರ ಆಗುತ್ತೆ. ನೀವಿಬ್ಬರೇ ಇರುವಾಗ, ಟಿವಿ ಆರಿಸಿ, ನೇರವಾಗಿ ಕೇಳಿ: “ಅಮ್ಮಾ, ಬೇಗ ಹೋಗಿಬಿಟ್ಟರೆ ಒಳ್ಳೇದು ಅಂತೀರಲ್ಲ, ಆವಾಗ ನಿಮ್ಮ ಮನಸ್ಸಲ್ಲಿ ಏನಿರುತ್ತೆ? ಪ್ರಾಣ ಕಳೆದುಕೊಳ್ಳಬೇಕು ಅಂತ ಯಾವತ್ತಾದರೂ ಅನಿಸಿದೆಯಾ?” ಉತ್ತರ ಬರುವ ತನಕ ಸುಮ್ನೆ ಕೂತಿರಿ. “ಛೆ, ಹಾಗೆಲ್ಲ ಮಾತಾಡಬೇಡಿ” ಅನ್ನಬೇಡಿ. ಹಾಗಂದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ.

“ಬದುಕು ಮುಗಿದರೆ ಸಾಕು” ಅನ್ನುವುದಕ್ಕೂ “ಮುಗಿಸಿಕೊಳ್ಳುತ್ತೇನೆ” ಅನ್ನುವುದಕ್ಕೂ ವ್ಯತ್ಯಾಸ ಇದೆ. ಆದರೆ ಮೊದಲನೆಯದನ್ನೂ ವಯಸ್ಸಾದವರ ಮಾಮೂಲಿ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ಹೇಗೆ, ಯಾವಾಗ ಅಂತ ಯೋಚಿಸಿದ್ದಾರೆ ಅಥವಾ ಮಾತ್ರೆ ಕೂಡಿಟ್ಟಿದ್ದಾರೆ ಅಂತ ಗೊತ್ತಾದರೆ ಅವತ್ತೇ ವೈದ್ಯರ ಬಳಿ ಅಥವಾ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ. ಅಲ್ಲಿಗೆ ಮುಟ್ಟುವ ತನಕ ಒಬ್ಬರನ್ನೇ ಬಿಡಬೇಡಿ. ನೋವಿನ ಮಾತ್ರೆ, ನಿದ್ದೆ ಮಾತ್ರೆ, ಬಿಪಿ ಮಾತ್ರೆ ಎಲ್ಲ ನಿಮ್ಮ ಕೈಯಲ್ಲಿರಲಿ.

ಈಗ ಹಾಳೆಗಳಿಗೆ ಬರೋಣ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಡಾಕ್ಟರುಗಳ ಕೂಡಿಕೆಯಲ್ಲಿ ತಪ್ಪಿಲ್ಲ. ಎರಡು ಹಾಳೆಗಳು ಎರಡು ಬೇರೆ ಬೇರೆ ವಿಷಯ ಕೇಳಿವೆ, ಅಷ್ಟೇ.

ಮೊದಲನೆಯದು ಜಿಡಿಎಸ್, ಅಂದರೆ ಜೀರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್. ಹೆಸರೇ ಹೇಳುವಂತೆ ವಯಸ್ಸಾದವರಿಗಾಗಿಯೇ ಮಾಡಿದ್ದು. 1980ರ ದಶಕದ ಆರಂಭದಲ್ಲಿ ಯೆಸಾವೇಜ್ ಮತ್ತು ಅವರ ಸಂಗಡಿಗರು 30 ಪ್ರಶ್ನೆಗಳಲ್ಲಿ ಮಾಡಿದರು. 1986ರಲ್ಲಿ 15 ಪ್ರಶ್ನೆಗಳ ಚಿಕ್ಕ ರೂಪ ಬಂತು. ಕಳೆದ ಒಂದು ವಾರ ಹೇಗಿತ್ತು ಅಂತ ಕೇಳುತ್ತೆ. ಇದರ ದೊಡ್ಡ ವಿಶೇಷ ಅಂದರೆ ನಿದ್ದೆ, ಹಸಿವಿನಂಥ ದೇಹದ ಲಕ್ಷಣಗಳನ್ನು ಬೇಕೆಂದೇ ಬಿಟ್ಟಿದೆ. ಯಾಕೆ ಅಂದರೆ ಎಪ್ಪತ್ತು ದಾಟಿದವರಲ್ಲಿ ನಿದ್ದೆ ಕೆಡಲು, ಹಸಿವು ಸಾಯಲು ನೂರು ಕಾರಣ ಇರುತ್ತೆ. ಅವನ್ನೆಲ್ಲ ಖಿನ್ನತೆಯ ಲೆಕ್ಕಕ್ಕೆ ಹಾಕಿದರೆ ಮಂಡಿ ನೋವಿರುವವರೆಲ್ಲ ಖಿನ್ನರಾಗಿಬಿಡುತ್ತಾರೆ.

ಎರಡನೆಯದು ಪಿಎಚ್‌ಕ್ಯೂ-9. ಕ್ರೋಂಕೆ, ಸ್ಪಿಟ್ಸರ್ ಮತ್ತು ವಿಲಿಯಮ್ಸ್ 2001ರಲ್ಲಿ ಪ್ರಕಟಿಸಿದ್ದು. ಇದು ಎಲ್ಲ ವಯಸ್ಕರಿಗೂ. ಖಿನ್ನತೆ ಅಂತ ಗುರುತಿಸಲು ಮನೋವೈದ್ಯರು ಬಳಸುವ ಒಂಬತ್ತು ಲಕ್ಷಣಗಳನ್ನೇ ಒಂಬತ್ತು ಪ್ರಶ್ನೆ ಮಾಡಿದ್ದಾರೆ. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಹಾಗಿತ್ತು ಅನ್ನುವುದರ ಮೇಲೆ ಪ್ರತಿಯೊಂದಕ್ಕೂ 0ಯಿಂದ 3. ಒಟ್ಟು 27. ಸಾಮಾನ್ಯವಾಗಿ 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಸ್ವಲ್ಪ ತೀವ್ರ, 20ರಿಂದ ತೀವ್ರ ಅಂತ ಓದುತ್ತಾರೆ.

ನಿಮ್ಮ ಅಮ್ಮನ 13 ಎಲ್ಲಿಂದ ಬಂತು ನೋಡಿ. ನಿದ್ದೆಗೆ 3, ಸುಸ್ತಿಗೆ 3, ಹಸಿವಿಗೆ 2, ಗಮನ ನಿಲ್ಲದಿರುವುದಕ್ಕೆ 2, ನಡೆ-ನುಡಿ ನಿಧಾನವಾಗಿರುವುದಕ್ಕೆ 2. ಇಷ್ಟಕ್ಕೇ 12 ಆಯಿತು. ಆಸಕ್ತಿ ಕಡಿಮೆ ಆಗಿದೆಯೇ ಅನ್ನುವ ಪ್ರಶ್ನೆಗೆ 1. ಮನಸ್ಸು ಕುಗ್ಗಿದೆಯೇ ಅನ್ನುವುದಕ್ಕೆ 0. ತನ್ನ ಬಗ್ಗೆಯೇ ಬೇಸರ ಇದೆಯೇ ಅನ್ನುವುದಕ್ಕೆ 0. ಒಂಬತ್ತನೆಯದು, ಸಾವಿನ ಯೋಚನೆಯದು, ಅದಕ್ಕೂ 0.

ಈ ಹಾಳೆಯನ್ನು ಬರೀ ಒಟ್ಟು ಅಂಕದಿಂದ ಓದುವುದಲ್ಲ. ದೊಡ್ಡ ಮಟ್ಟದ ಖಿನ್ನತೆ ಅಂತ ಅನುಮಾನ ಪಡಲು ಐದು ಲಕ್ಷಣಗಳಾದರೂ ಅರ್ಧಕ್ಕಿಂತ ಜಾಸ್ತಿ ದಿನ ಇರಬೇಕು. ಆ ಐದರಲ್ಲಿ ಮೊದಲ ಎರಡರಲ್ಲಿ ಒಂದಾದರೂ, ಅಂದರೆ ಆಸಕ್ತಿ ಹೋಗಿರುವುದು ಅಥವಾ ಮನಸ್ಸು ಕುಗ್ಗಿರುವುದು, ಸೇರಿರಲೇಬೇಕು. ಅಮ್ಮನ ಹಾಳೆಯಲ್ಲಿ ಲಕ್ಷಣ ಐದಿವೆ, ಆದರೆ ಮೊದಲ ಎರಡೂ ಆ ಮಟ್ಟ ಮುಟ್ಟಿಲ್ಲ. ಹಾಗಾಗಿ ಈ ಒಂದು ಹಾಳೆ ಹಿಡಿದು “ಮಾತ್ರೆ ಶುರು ಮಾಡೋಣ” ಅನ್ನುವುದು ನನ್ನ ದೃಷ್ಟಿಯಲ್ಲಿ ಅವಸರ.

ಹಾಗಾದರೆ 4 ಅಂದವರೇ ಸರಿ ಅಂತ ಅಂದುಕೊಳ್ಳಬೇಡಿ. ಆ ಹಾಳೆ ನನ್ನನ್ನು ಇನ್ನೂ ಜಾಸ್ತಿ ಕಾಡಿತು. 15 ಪ್ರಶ್ನೆಗಳ ಜಿಡಿಎಸ್‌ನಲ್ಲಿ ಸಾಮಾನ್ಯವಾಗಿ 5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದೆ ನೋಡಬೇಕು ಅಂತ ಲೆಕ್ಕ. ಅಮ್ಮ ಒಂದೇ ಅಂಕ ಹಿಂದೆ ನಿಂತಿದ್ದಾರೆ. ಆ ನಾಲ್ಕು ಯಾವುವು? ಮೊದಲಿನ ಚಟುವಟಿಕೆ ಬಿಟ್ಟಿದ್ದೇನೆ, ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಇಷ್ಟ, ನೆನಪಿನ ತೊಂದರೆ ಜಾಸ್ತಿಯಾಗಿದೆ, ಮೈಯಲ್ಲಿ ಹುರುಪಿಲ್ಲ. ಅಂಕ ಬರದ ಪ್ರಶ್ನೆಗಳು ಯಾವುವು? ಬದುಕು ಖಾಲಿ ಅನಿಸುತ್ತಾ, ನಿಮ್ಮಿಂದ ಪ್ರಯೋಜನ ಇಲ್ಲ ಅನಿಸುತ್ತಾ, ನಿಮ್ಮ ಪರಿಸ್ಥಿತಿಯಲ್ಲಿ ಭರವಸೆ ಉಳಿದಿಲ್ಲ ಅನಿಸುತ್ತಾ, ಹೆಚ್ಚಿನವರು ನಿಮಗಿಂತ ಚೆನ್ನಾಗಿದ್ದಾರೆ ಅನಿಸುತ್ತಾ. ಇವೆಲ್ಲಕ್ಕೂ “ಇಲ್ಲ”.

ಆದರೆ ಪಕ್ಕದಲ್ಲಿ ನೀವೂ ಅಣ್ಣನೂ ಕೂತಿದ್ದಿರಿ. ಗಂಡ ಹೋದ ಮೇಲೆ ತನ್ನನ್ನು ನೋಡಿಕೊಳ್ಳುತ್ತಿರುವ ಮಕ್ಕಳ ಮುಖ ನೋಡುತ್ತಾ “ಹೌದು, ನನ್ನ ಬದುಕು ಖಾಲಿ ಅನಿಸುತ್ತೆ” ಅಂತ ಯಾವ ತಾಯಿ ಹೇಳುತ್ತಾರೆ? ಮಕ್ಕಳಿಗೆ ನೋವಾಗಬಾರದು, ತಾನು ಹೊರೆಯಾಗಬಾರದು ಅಂತ ನುಂಗಿಕೊಳ್ಳುತ್ತಾರೆ. ಅದೇ ಪ್ರಶ್ನೆಗಳನ್ನು ಒಬ್ಬರೇ ಇರುವಾಗ, ನಿಧಾನವಾಗಿ ಕೇಳಿದರೆ ಉತ್ತರ ಬದಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇಲ್ಲಿ ಒಂದು ಉತ್ತರ ಬದಲಾದರೂ ಸಾಕು, ಗೆರೆ ದಾಟಿ 5 ಆಗುತ್ತೆ. ಇನ್ನೊಂದು ಕೊರತೆ ಇದೆ. ಜಿಡಿಎಸ್‌ನಲ್ಲಿ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆಯೇ ಇಲ್ಲ. ಅದನ್ನು ಬಳಸುವ ವೈದ್ಯರು ಆ ಪ್ರಶ್ನೆಯನ್ನು ಬೇರೆಯಾಗಿ ಕೇಳಲೇಬೇಕು. ಪಿಎಚ್‌ಕ್ಯೂನಲ್ಲಿ ಆ ಪ್ರಶ್ನೆ ಇತ್ತು, ಅಮ್ಮ 0 ಹಾಕಿದರು. ಆದರೆ ಮನೆಯಲ್ಲಿ “ಸಾಕಾಯ್ತು” ಅನ್ನುತ್ತಾರೆ. ಹಾಳೆಯ ಉತ್ತರಕ್ಕೂ ಮನೆಯ ಮಾತಿಗೂ ಹೊಂದಿಕೆ ಇಲ್ಲದಿದ್ದಾಗ ನಾನು ಮನೆಯ ಮಾತಿಗೇ ಹೆಚ್ಚು ಬೆಲೆ ಕೊಡುತ್ತೇನೆ.

“ಮನಸ್ಸು ಕುಗ್ಗಿಲ್ಲ” ಅಂದರಲ್ಲ, ಮತ್ತೆ ಖಿನ್ನತೆ ಹೇಗೆ ಅಂತ ಕೇಳಬಹುದು. ವಯಸ್ಸಾದವರ ಖಿನ್ನತೆ ಕಣ್ಣೀರಿನ ರೂಪದಲ್ಲೇ ಬರಬೇಕೆಂದಿಲ್ಲ. ದುಃಖ ಇದೆ ಅಂತ ಒಪ್ಪಿಕೊಳ್ಳದ, ಆದರೆ ಯಾವುದರಲ್ಲೂ ಆಸಕ್ತಿ ಉಳಿಯದ, ಮೈಕೈ ನೋವು, ನಿದ್ದೆ, ಹೊಟ್ಟೆ ಅಂತಲೇ ದೂರುವ ಖಿನ್ನತೆ ಈ ವಯಸ್ಸಿನಲ್ಲಿ ಸಾಕಷ್ಟು ಕಾಣುತ್ತೆ. ಪದಬಂಧ ನಿಂತಿದ್ದು, ಚಿಕ್ಕಮ್ಮನಿಗೆ ಫೋನ್ ನಿಂತಿದ್ದು ನನಗೆ ನಿದ್ದೆಗಿಂತ ದೊಡ್ಡ ಸುಳಿವು. ಮಂಡಿ ನೋವು ಪದಬಂಧವನ್ನು ನಿಲ್ಲಿಸುವುದಿಲ್ಲ ಅಲ್ವಾ?

“ವಯಸ್ಸಾದ ಮೇಲೆ ಇದೆಲ್ಲ ಸಹಜ” ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ವಯಸ್ಸಾದಂತೆ ಕಳೆದುಕೊಳ್ಳುವುದು ಜಾಸ್ತಿ, ನಿಜ. ಖಿನ್ನತೆ ಮಾತ್ರ ವಯಸ್ಸಿನ ಭಾಗವಲ್ಲ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಅಪ್ಪನ ಸಾವಿನ ನೋವನ್ನೂ ಬೇರೆಯಾಗಿ ನೋಡಬೇಕು. ಅಗಲಿಕೆಯ ದುಃಖ ಅಲೆಯಾಗಿ ಬರುತ್ತೆ, ನಡುನಡುವೆ ನಗುವೂ ಇರುತ್ತೆ, ತನ್ನ ಬಗ್ಗೆ ಗೌರವ ಉಳಿದಿರುತ್ತೆ. ಖಿನ್ನತೆಯಲ್ಲಿ ದಿನವಿಡೀ ಒಂದೇ ಭಾರ. ಒಂದು ವರ್ಷ ಕಳೆದರೂ ಹೋದವರ ಹಂಬಲ ದಿನನಿತ್ಯ ಬದುಕನ್ನೇ ಹಿಡಿದು ನಿಲ್ಲಿಸಿದ್ದರೆ ಅದೂ ಚಿಕಿತ್ಸೆ ಬೇಕಾದ ಬೇರೆಯೇ ಸ್ಥಿತಿ. ಎರಡೂ ಒಟ್ಟಿಗೆ ಇರಲೂಬಹುದು.

ಎಲ್ಲಕ್ಕಿಂತ ನಿಖರವಾದ ಪರೀಕ್ಷೆ ಯಾವುದು ಅಂತ ಕೇಳಿದ್ದೀರಿ. ಅಂಥದ್ದೊಂದು ಇಲ್ಲ. ಈ ಎರಡೂ ಜರಡಿಗಳು. ಕಣ್ಣು ಸಣ್ಣದಾದರೆ ಬೇಡದ್ದೂ ಉಳಿಯುತ್ತೆ, ದೊಡ್ಡದಾದರೆ ಬೇಕಾದದ್ದೂ ಸೋರಿಹೋಗುತ್ತೆ. ಲೆಕ್ಕಕ್ಕೆ ಅಂತ ಹೀಗೆ ಅಂದುಕೊಳ್ಳಿ. 100 ಹಿರಿಯರಲ್ಲಿ 10 ಜನಕ್ಕೆ ನಿಜವಾಗಿ ಖಿನ್ನತೆ ಇದೆ. ಪರೀಕ್ಷೆ ಇದ್ದವರಲ್ಲಿ ನೂರಕ್ಕೆ 80 ಜನರನ್ನು ಹಿಡಿಯುತ್ತೆ, ಇಲ್ಲದವರಲ್ಲಿ ನೂರಕ್ಕೆ 80 ಜನರನ್ನು ಸರಿಯಾಗಿ ಬಿಡುತ್ತೆ. ಕೇಳಲು ಚೆನ್ನಾಗಿದೆ. ಆದರೆ ಅದು 10ರಲ್ಲಿ 8 ಜನರನ್ನು ಹಿಡಿಯುತ್ತೆ, ಜೊತೆಗೆ ಆರೋಗ್ಯವಾಗಿರುವ 90ರಲ್ಲಿ 18 ಜನರನ್ನೂ ಹಿಡಿಯುತ್ತೆ. “ಇದೆ” ಅಂತ ಬಂದ 26 ಜನರಲ್ಲಿ ನಿಜವಾಗಿ ಇರುವುದು 8 ಜನಕ್ಕೆ ಮಾತ್ರ. ಇನ್ನು 2 ಜನ “ಇಲ್ಲ” ಅನ್ನಿಸಿಕೊಂಡು ಮನೆಗೆ ಹೋಗಿಬಿಡುತ್ತಾರೆ. ಅದಕ್ಕೇ ಅಂಕ ಬಂದ ಮೇಲೆ ಕೂತು ಮಾತಾಡುವ ಕೆಲಸ ಬಾಕಿ ಇರುತ್ತೆ. ಆ ಮಾತುಕತೆಯೇ ರೋಗನಿರ್ಣಯ.

ಬೇರೆ ಮಾಪಕಗಳ ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ ಮಾಪಕವನ್ನು ರೋಗಿ ತುಂಬುವುದಲ್ಲ, ವೈದ್ಯರು ಸಂದರ್ಶನ ಮಾಡಿ ತುಂಬುತ್ತಾರೆ. ಅದರ 17 ಅಂಶಗಳಲ್ಲಿ ಮೂರು ನಿದ್ದೆಗೇ ಮೀಸಲು, ದೇಹದ ಲಕ್ಷಣಗಳೂ ಸಾಕಷ್ಟಿವೆ. ಖಿನ್ನತೆ ಇದೆ ಅಂತ ಈಗಾಗಲೇ ಗೊತ್ತಾದವರಲ್ಲಿ ಅದು ಎಷ್ಟು ತೀವ್ರ ಅಂತ ಅಳೆಯಲು ಮಾಡಿದ್ದದು. ಇದೆಯೋ ಇಲ್ಲವೋ ಅಂತ ಹುಡುಕಲು ಅಲ್ಲ. ಮೈಗೆ ನಾಲ್ಕು ಕಾಯಿಲೆ ಇರುವ ಹಿರಿಯರಲ್ಲಿ ಅಂಕ ಸುಮ್ನೆ ಏರುತ್ತೆ. 1979ರ ಮಾಂಟ್‌ಗೋಮರಿ–ಆಸ್ಬರ್ಗ್ ಮಾಪಕವೂ ವೈದ್ಯರೇ ತುಂಬುವುದು. ಹತ್ತೇ ಅಂಶ, ದೇಹದ ಲಕ್ಷಣಗಳ ಭಾರ ಕಡಿಮೆ, ಚಿಕಿತ್ಸೆಯಿಂದ ಆಗುವ ಬದಲಾವಣೆಯನ್ನು ಚೆನ್ನಾಗಿ ತೋರಿಸುತ್ತೆ. ಎರಡರಲ್ಲಿ ಒಂದು ಆರಿಸು ಅಂದರೆ ಹಿರಿಯರಿಗೆ ನಾನು ಇದನ್ನೇ ಆರಿಸುತ್ತೇನೆ. 20 ಪ್ರಶ್ನೆಗಳ ಸಿಇಎಸ್-ಡಿ ಮುಖ್ಯವಾಗಿ ಜನಸಮುದಾಯದ ಸಮೀಕ್ಷೆಗಳಿಗೆ ಮಾಡಿದ್ದು, ನಿಮಗೆ ಅದರ ಅಗತ್ಯ ಇಲ್ಲ.

ಕಾರ್ನೆಲ್ ಮಾಪಕದ ವಿಷಯ ಮಾತ್ರ ತಿಳಿದಿರಲಿ. ಅಮ್ಮನಿಗೆ ಮರೆವು ಜಾಸ್ತಿಯಾಗಿದೆ ಅಂತ ಹಾಳೆಯಲ್ಲಿದೆ. ಖಿನ್ನತೆಯಿಂದಲೂ ಮರೆವು ಬರುತ್ತೆ. ಮರೆವಿನ ಕಾಯಿಲೆಯ ಶುರುವಿನಲ್ಲೂ ಖಿನ್ನತೆ, ನಿರಾಸಕ್ತಿ ಬರುತ್ತೆ. ಮರೆವು ಸೌಮ್ಯವಾಗಿರುವ ತನಕ ಜಿಡಿಎಸ್ ನಡೆಯುತ್ತೆ. ಜಾಸ್ತಿಯಾದರೆ ಕಳೆದ ವಾರ ಹೇಗಿತ್ತು ಅಂತ ನೆನಪಿಟ್ಟು ಹೇಳಲು ಅವರಿಗೇ ಆಗುವುದಿಲ್ಲ, ಆಗ ಆ ಅಂಕವನ್ನು ನಂಬುವ ಹಾಗಿಲ್ಲ. ಅಂಥವರಿಗಾಗಿ 1988ರಲ್ಲಿ ಅಲೆಕ್ಸೊಪೌಲೋಸ್ ಮತ್ತು ಸಂಗಡಿಗರು ಮಾಡಿದ್ದು ಕಾರ್ನೆಲ್ ಮಾಪಕ. 19 ಅಂಶ. ವೈದ್ಯರು ಮೊದಲು ಮನೆಯವರನ್ನು ಕೇಳುತ್ತಾರೆ, ಆಮೇಲೆ ರೋಗಿಯನ್ನು ನೋಡಿ ಮಾತಾಡಿಸಿ ಅಂಕ ಕೊಡುತ್ತಾರೆ. ನಿಮ್ಮ ಅಮ್ಮನಿಗೆ ಇದು ಬೇಕು ಅಂತಲ್ಲ. ಮೊದಲು ನೆನಪಿನ ಶಕ್ತಿಯ ಚಿಕ್ಕ ಪರೀಕ್ಷೆ ಆಗಲಿ, ಅದರಲ್ಲಿ ದೊಡ್ಡ ಕೊರತೆ ಕಂಡರೆ ಮಾತ್ರ.

ಇನ್ನು ಏನು ಮಾಡಬಹುದು?

ಮೊದಲು, ಅಮ್ಮನ ಜೊತೆ ಒಬ್ಬರೇ ಕೂತು ಅರ್ಧ ಗಂಟೆಯಾದರೂ ಮಾತಾಡುವ ವೈದ್ಯರು ಬೇಕು. ಮನೋವೈದ್ಯರಾದರೆ ಒಳ್ಳೆಯದು, ಹಿರಿಯರನ್ನು ನೋಡಿ ಅನುಭವ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ನಿಮ್ಮನ್ನು ಬೇರೆಯಾಗಿ ಕೇಳಲಿ. ಎರಡೂ ಹಾಳೆ ತೆಗೆದುಕೊಂಡು ಹೋಗಿ, ಒಟ್ಟು ಅಂಕ ಮಾತ್ರ ಹೇಳಬೇಡಿ. ಅಮ್ಮ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯೂ ಜೊತೆಗಿರಲಿ. ಅಂಗಡಿಯಿಂದ ನೇರವಾಗಿ ತಂದವು, ಯಾರೋ ಹೇಳಿದರು ಅಂತ ತೆಗೆದುಕೊಳ್ಳುವವು, ಎಲ್ಲ ಸೇರಿಸಿ. ನೋವಿಗೆ ಅಂತ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ತಪ್ಪದೇ ಹೇಳಿ, ಅದು ಮನಸ್ಥಿತಿಯನ್ನೂ ನಿದ್ದೆಯನ್ನೂ ಕೆಡಿಸಬಲ್ಲದು.

ರಕ್ತ ಪರೀಕ್ಷೆ ಈವರೆಗೆ ಆಗಿಲ್ಲ ಅಂತ ಕಾಣುತ್ತೆ. ಥೈರಾಯ್ಡ್ ಕಡಿಮೆಯಾದರೆ, ಬಿ12 ಕೊರತೆಯಾದರೆ, ರಕ್ತಹೀನತೆಯಾದರೆ ಸುಸ್ತು, ನಿಧಾನ, ಮರೆವು, ನಿರಾಸಕ್ತಿ ಎಲ್ಲವೂ ಬರುತ್ತೆ. ಇವು ಅಮ್ಮನ 13ರಲ್ಲಿ ಅರ್ಧದಷ್ಟು ಅಂಕವನ್ನು ತಾವೇ ಕೊಡಬಲ್ಲವು. ಸೋಡಿಯಂ, ಸಕ್ಕರೆಯನ್ನೂ ನೋಡಲಿ. ಮೂರು ಗಂಟೆಗೆ ಎಚ್ಚರ ಆಗುವುದು ಮಂಡಿ ನೋವಿಗಾ, ಮೂತ್ರಕ್ಕಾ ಅಥವಾ ಸುಮ್ನೆ ಕಣ್ಣು ಬಿಟ್ಟುಕೊಂಡು ಯೋಚನೆ ಸುತ್ತುತ್ತಾ ಅಂತ ಅಮ್ಮನನ್ನು ಕೇಳಿ. ನೋವಿಲ್ಲದೆಯೂ ಎಚ್ಚರವಾಗಿ, ಬೆಳಗ್ಗೆ ಮನಸ್ಸು ತೀರಾ ಭಾರವಾಗಿದ್ದು ಸಂಜೆಗೆ ಸ್ವಲ್ಪ ಹಗುರಾಗುತ್ತೆ ಅಂದರೆ ಖಿನ್ನತೆಯ ಅನುಮಾನ ಬಲವಾಗುತ್ತೆ.

ಎರಡು ವಾರ ಕಾದು ನೋಡುವುದೂ ಒಂದು ದಾರಿ. ಆದರೆ “ಬೇಗ ಹೋಗಿಬಿಟ್ಟರೆ ಒಳ್ಳೇದು” ಅನ್ನುವ ಮಾತು ಇರುವಾಗ ವೈದ್ಯರ ಭೇಟಿಗೆ ಮುಂಚೆ ಕಾಯಿರಿ ಅಂತ ನಾನು ಹೇಳಲಾರೆ. ಭೇಟಿ ಆದ ಮೇಲೆ, ಅಪಾಯ ಇಲ್ಲ ಅಂತ ಖಚಿತವಾದರೆ, ನೋವು ಮತ್ತು ನಿದ್ದೆಯನ್ನು ಸರಿಮಾಡುತ್ತಾ ಕಾಯಬಹುದು. ಕಾಯುವಾಗ ಊಟ ಇನ್ನೂ ಇಳಿದರೆ, ತೂಕ ಕಡಿಮೆಯಾದರೆ ಮತ್ತೆ ತಡಮಾಡಬಾರದು. ಈ ವಯಸ್ಸಿನಲ್ಲಿ ದೇಹ ಬೇಗ ಸೋಲುತ್ತೆ.

ಖಿನ್ನತೆ ಸೌಮ್ಯ ಅಥವಾ ಮಧ್ಯಮ ಅಂತ ನಿರ್ಧಾರವಾದರೆ ಮಾತಿನ ಚಿಕಿತ್ಸೆ ವಯಸ್ಸಾದವರಿಗೂ ಚೆನ್ನಾಗಿ ಕೆಲಸ ಮಾಡುತ್ತೆ. “ಈ ವಯಸ್ಸಲ್ಲಿ ಕೌನ್ಸೆಲಿಂಗ್ ಏನು” ಅನ್ನುವುದು ಸುಳ್ಳು. ಬಿಟ್ಟುಹೋದ ಚಟುವಟಿಕೆಯನ್ನು ಸಣ್ಣ ಸಣ್ಣ ತುಂಡಾಗಿ ಮತ್ತೆ ಶುರು ಮಾಡಿಸುವುದು ಅದರ ಒಂದು ಮುಖ್ಯ ಭಾಗ. ಪೂರ್ತಿ ಪದಬಂಧ ಬೇಡ, ಎಡದಿಂದ ಬಲಕ್ಕೆ ನಾಲ್ಕು ಸುಳಿವು ಸಾಕು. ಮನಸ್ಸು ಬಂದ ಮೇಲೆ ಮಾಡುವುದಲ್ಲ, ಮಾಡುತ್ತಾ ಹೋದರೆ ಮನಸ್ಸು ಬರುತ್ತೆ ಅನ್ನುವುದು ಇದರ ಹಿಂದಿನ ಲೆಕ್ಕ. ಫಲ ಕಾಣಲು ವಾರಗಳು ಬೇಕು, ನಡುವೆ ಬಿಟ್ಟುಬಿಡುವುದೇ ಇದರ ದೊಡ್ಡ ತೊಂದರೆ.

ಮಾತ್ರೆ ಬೇಕಾಗಲೂಬಹುದು, ಅದಕ್ಕೆ ಹೆದರಬೇಡಿ. ಆದರೆ ಶುರು ಮಾಡುವ ವೈದ್ಯರಿಗೆ ನೋವಿನ ಮಾತ್ರೆಯ ವಿಷಯ ಗೊತ್ತಿರಲೇಬೇಕು. ಮೊದಲಿಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆ ಮಾತ್ರೆ ಮತ್ತು ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಒಟ್ಟಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಈ ಖಿನ್ನತೆ ಮಾತ್ರೆಗಳಿಂದ ಹಿರಿಯರಲ್ಲಿ ಸೋಡಿಯಂ ಇಳಿಯಬಹುದು, ಅದರಲ್ಲೂ ಮೊದಲ ಕೆಲವು ವಾರಗಳಲ್ಲಿ. ಗೊಂದಲ, ತೂರಾಟ, ವಾಕರಿಕೆ ಕಂಡರೆ ಕಾಯದೆ ಫೋನ್ ಮಾಡಿ. ಬೀಳುವ ಅಪಾಯವೂ ಸ್ವಲ್ಪ ಜಾಸ್ತಿ. ಹಳೆಯ ಕಾಲದ ಟ್ರೈಸೈಕ್ಲಿಕ್ ಮಾತ್ರೆಗಳು ಮಲಬದ್ಧತೆ, ಮೂತ್ರ ಕಟ್ಟುವುದು, ತಲೆ ಮಂಕಾಗುವುದು ತರುತ್ತವೆ, ಈ ವಯಸ್ಸಿಗೆ ನಾನು ಮೊದಲಿಗೆ ಅವನ್ನು ಮುಟ್ಟುವುದಿಲ್ಲ. ಬರೀ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರೆ ಪ್ರಶ್ನೆ ಕೇಳಿ. ಅದು ಖಿನ್ನತೆಗೆ ಮದ್ದಲ್ಲ, ಬೀಳುವುದನ್ನೂ ಮರೆವನ್ನೂ ಹೆಚ್ಚಿಸುತ್ತೆ. ಖಿನ್ನತೆ ಮಾತ್ರೆ ಶುರುವಾದರೆ ಕಡಿಮೆ ಪ್ರಮಾಣದಿಂದ ಶುರುವಾಗಲಿ. ಪೂರ್ತಿ ಫಲ ಕಾಣಲು ನಾಲ್ಕರಿಂದ ಆರು ವಾರ, ಹಿರಿಯರಲ್ಲಿ ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಒಂದು ವಾರಕ್ಕೆ ಏನೂ ಆಗಲಿಲ್ಲ ಅಂತ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಮನೆಯಲ್ಲಿ ನೀವೇ ಪರೀಕ್ಷೆ ಮಾಡಬಹುದಾ? ಖಿನ್ನತೆ ಇದೆಯೋ ಇಲ್ಲವೋ ತೀರ್ಮಾನಿಸಲು ಬೇಡ. ನೀವು ಕೇಳಿದರೆ ಅಮ್ಮ ಮತ್ತೆ ಮಕ್ಕಳಿಗೆ ಹೇಳುವ ಉತ್ತರವನ್ನೇ ಹೇಳುತ್ತಾರೆ. ವಾರಕ್ಕೊಮ್ಮೆ ಕೇಳುತ್ತಾ ಹೋದರೆ ಯಾವ ಉತ್ತರಕ್ಕೆ ನಿಮ್ಮ ಮುಖ ಸಪ್ಪಗಾಗುತ್ತೆ ಅಂತ ಕಲಿತುಬಿಡುತ್ತಾರೆ. ಅದರ ಬದಲು ಒಂದು ಪುಟ್ಟ ಪುಸ್ತಕದಲ್ಲಿ ದಿನಾ ನಾಲ್ಕು ಸಾಲು ಬರೆಯಿರಿ: ಎಷ್ಟು ಗಂಟೆಗೆ ಎದ್ದರು, ಎಷ್ಟು ತಿಂದರು, ಯಾರ ಜೊತೆ ಮಾತಾಡಿದರು, ಏನು ಮಾಡುವಾಗ ಸ್ವಲ್ಪ ಚೇತರಿಸಿದಂತೆ ಕಂಡರು. ವೈದ್ಯರಿಗೆ ಅದು ನಿಮ್ಮ ಕೈಯ ಇನ್ನೊಂದು ಅಂಕಕ್ಕಿಂತ ಉಪಯೋಗಕ್ಕೆ ಬರುತ್ತೆ.

ಚಿಕಿತ್ಸೆ ಶುರುವಾದ ಮೇಲೆ ಮಾಪಕ ನಿಜವಾಗಿ ಕೆಲಸಕ್ಕೆ ಬರುತ್ತೆ. ಆಗ ಒಂದೇ ಮಾಪಕವನ್ನು ಹಿಡಿದುಕೊಳ್ಳಿ, ಪ್ರತಿ ಸಲವೂ ಅಮ್ಮ ಒಬ್ಬರೇ ಇರುವಾಗ ಮಾಡಲಿ ಅಂತ ಕೇಳಿ. ಜಿಡಿಎಸ್‌ನ 4ನ್ನು ಪಿಎಚ್‌ಕ್ಯೂನ 13ರ ಪಕ್ಕ ಇಟ್ಟು “ಏರಿತು” ಅನ್ನುವ ಹಾಗಿಲ್ಲ. ಪಿಎಚ್‌ಕ್ಯೂನಲ್ಲಿ 13 ಇದ್ದದ್ದು 11 ಆದರೆ ಹೆಚ್ಚು ಅರ್ಥ ಹುಡುಕಬೇಡಿ, 5 ಅಂಕದಷ್ಟು ಇಳಿದರೆ ನಿಜವಾದ ಬದಲಾವಣೆ ಅಂತ ಎಣಿಸುತ್ತಾರೆ. 5ಕ್ಕಿಂತ ಕೆಳಗೆ ಬಂದು ಅಲ್ಲೇ ನಿಂತರೆ ಗುರಿ ಮುಟ್ಟಿದ ಹಾಗೆ. ಅಂಕ ಇಳಿದಾಗ ಯಾವ ಸಾಲು ಇಳಿದಿದೆ ಅಂತಲೂ ನೋಡಿ. ನಿದ್ದೆಯದು 3ರಿಂದ 0 ಆಗಿ ಆಸಕ್ತಿಯ ಸಾಲು ಹಾಗೇ ಉಳಿದಿದ್ದರೆ, ಪದಬಂಧದ ಪುಟ ಇನ್ನೂ ಖಾಲಿಯೇ ಇದ್ದರೆ, ಚಿಕಿತ್ಸೆ ಇನ್ನೂ ಮುಗಿದಿಲ್ಲ ಅಂತ ವೈದ್ಯರಿಗೆ ಹೇಳಿ.